ಒಡೆಯನ ಕೊನೆಯ ಮಾತು

ಆ ಊರಿನಲ್ಲಿ ಜನಕ್ಕಿಂತ ಮೊದಲು ಕಾವ್ಯವಿತ್ತು. ಕಡಲಾಚೆಯ ಚಳಿದೇಶದಿಂದ ಇಂಗ್ಲಿಷಿನಲ್ಲಿ ಬಂದ ಮಹಾಕಾವ್ಯ. ತಂದವರು ಯಾರೋ, ಹಡಗು ಹತ್ತಿ ಹೊರಟುಹೋದರು, ಕಾವ್ಯ ಉಳಿಯಿತು. ಹಿರಿಯರು ಮೊದಲು ಅದನ್ನು ಕನ್ನಡಕ್ಕೆ ತಂದುಕೊಂಡರು, ಆಮೇಲೆ ತಮ್ಮ ಊರನ್ನೇ ಅದರೊಳಕ್ಕೆ ತಂದುಬಿಟ್ಟರು. ಕಾವ್ಯದಲ್ಲಿ ಬಿಳಿ ಗೋಡೆಯಿದೆಯೆಂದು ಊರ ಸುತ್ತ ಬಿಳಿ ಗೋಡೆ ಎಬ್ಬಿಸಿದರು. ಕಾವ್ಯದಲ್ಲಿ ಮೂಡಣ ಬಾಗಿಲಿದೆಯೆಂದು ಮೂಡಣಕ್ಕೆ ಬಾಗಿಲಿಟ್ಟರು. ಕಾವ್ಯದಲ್ಲಿ ಯಾರೂ ಮುಟ್ಟಬಾರದ ಬಾವಿಯಿದೆಯೆಂದು ಊರ ನಡುವೆ ಬಾವಿ ತೋಡಿಸಿದರು; ಸಿಹಿನೀರು ಉಕ್ಕಿದ ಕೂಡಲೇ ಅದರ ಮೇಲೆ ಚಪ್ಪಡಿ ಎಳೆದು, ತಾವು ದೂರದ ಕೆರೆಯಿಂದ ನೀರು ಹೊತ್ತು ಕುಡಿದರು. ಅಂಥ ಭಕ್ತಿ.

ಕತೆ ದೊಡ್ಡದೇನಲ್ಲ. ಒಡೆಯ ಲೋಕವನ್ನು ಕಟ್ಟಿದ. ಅವನ ದೂತರಲ್ಲೊಬ್ಬ ತಲೆ ಬಾಗಲಿಲ್ಲ, ಬಂಡುಕೋರನಾದ. ಒಡೆಯ ಮೊದಲ ಹೆಣ್ಣನ್ನೂ ಮೊದಲ ಗಂಡನ್ನೂ ಮಾಡಿ ಬಿಳಿ ಗೋಡೆಯೊಳಗೆ ಇರಿಸಿ, ಈ ಒಂದು ಬಾವಿಯ ನೀರು ಬೇಡ ಅಂದ. ಬಂಡುಕೋರ ಬಂದು ಯಾಕೆ ಬೇಡ ಅಂತ ಕೇಳಿದ. ಹೆಣ್ಣು ಒಂದು ಬೊಗಸೆ ಕುಡಿದಳು, ಗಂಡಿಗೊಂದು ಬೊಗಸೆ ಕುಡಿಸಿದಳು. ಒಡೆಯ ಮೂಡಣ ಬಾಗಿಲು ತೆರೆಸಿ, "ಹೋಗಿ" ಅಂದ. ಅಲ್ಲಿಗೆ ಕಾವ್ಯ ಮುಗಿಯಿತು.

ವರ್ಷಕ್ಕೊಮ್ಮೆ ಇದನ್ನು ಊರಿಗೆ ಊರೇ ಕೂಡಿ ಓದುತ್ತಿತ್ತು. ಸೂರ್ಯ ಹುಟ್ಟಿದಾಗ ಮೊದಲ ಸಾಲು, ಸೂರ್ಯ ಮುಳುಗುವಾಗ ಕೊನೆಯ ಮಾತು. ಕೊನೆಯ ಮಾತು ಆಡದೆ ಉಳಿದರೆ ಮಾರನೆಯ ದಿನ ಸೂರ್ಯ ಬರುವುದಿಲ್ಲವೆಂದು ಎಲ್ಲರೂ ನಂಬಿದ್ದರು. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಕಟ್ಟಳೆಯಿತ್ತು. ಓದಿನ ದಿನ ಒಡೆಯನ ಬಾಯಿಂದ ಬಂದದ್ದು ಆಗಲೇಬೇಕು. ಬೆಳಕಾಗಲಿ ಅಂದರೆ ದೀಪ ಹಚ್ಚಬೇಕು. ನೀರು ಬೇರೆಯಾಗಲಿ ಅಂದರೆ ಕೆರೆಯ ತೂಬು ಎತ್ತಬೇಕು. ಹೋಗಿ ಅಂದರೆ ಹೋಗಬೇಕು. ಆ ವರ್ಷದ ಮೊದಲ ಹೆಣ್ಣು, ಮೊದಲ ಗಂಡು ಇಬ್ಬರೂ ನಿಜವಾಗಿಯೇ ಬಾಗಿಲು ದಾಟಿ ಹೋಗುತ್ತಿದ್ದರು. ಅವರ ಹಿಂದೆ ಬಾಗಿಲು ಮುಚ್ಚುತ್ತಿತ್ತು. ಹೋದವರು ಬರುತ್ತಿರಲಿಲ್ಲ, ಊರು ಅವರ ಹೆಸರೆತ್ತುತ್ತಿರಲಿಲ್ಲ.

ಇನ್ನು ಪಾತ್ರಗಳ ವಿಷಯಕ್ಕೆ ಬರಬೇಕು, ಯಾಕೆಂದರೆ ಆ ಊರಿನ ತಾಪತ್ರಯವೆಲ್ಲ ಇದ್ದದ್ದು ಅಲ್ಲೇ. ಬಂಡುಕೋರನ ಮಾತು ಹೇಳುವವನು ಕೆಂಪು ಶಾಲು ಹೊದ್ದು ಜನರ ನಡುವೆ ಓಡಾಡುತ್ತಿದ್ದ. ಅವನಿಗೆ ಸಿಟ್ಟಿತ್ತು, ನಗುವಿತ್ತು, ಹಟವಿತ್ತು, ಹಾಳಾದದ್ದರ ಬಗ್ಗೆ ದುಃಖವಿತ್ತು. ಸೋತು ನೆಲಕ್ಕೆ ಬಿದ್ದು ಮತ್ತೆ ಎದ್ದು ನಿಂತು ಮಾತಾಡುವ ಭಾಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅವನು ಕೆಟ್ಟವನು ಎಂದು ಎಲ್ಲರಿಗೂ ಗೊತ್ತು. ಆದರೂ ಮಕ್ಕಳು ಬೀದಿಯಲ್ಲಿ ಆಡುವಾಗ ಎಲ್ಲರಿಗೂ ಬಂಡುಕೋರನೇ ಆಗಬೇಕು. ನೀನು ಒಡೆಯನಾಗು ಅಂದರೆ ಅಳುತ್ತ ಮನೆಗೆ ಹೋಗುತ್ತಿದ್ದವು.

ಒಡೆಯನಿಗೆ ಮುಖವಿಲ್ಲ ಎಂದು ಅವನ ಮಾತು ಹೇಳುವವರನ್ನು ಬಿಳಿ ತೆರೆಯ ಹಿಂದೆ ಕೂರಿಸುತ್ತಿದ್ದರು. ಒಡೆಯನಿಗೆ ಕೋಪತಾಪಗಳಿಲ್ಲ ಎಂದು ದನಿ ಏರಬಾರದು, ಇಳಿಯಬಾರದು. ಕೊನೆಕೊನೆಗೆ ಹೇಗಾಯಿತೆಂದರೆ, ತೆರೆಯ ಹಿಂದೆ ದನಿ ಶುರುವಾಯಿತೋ ಜನ ಕಡಲೆಪುರಿ ಪೊಟ್ಟಣ ಬಿಚ್ಚುತ್ತಿದ್ದರು. ಲೋಕ ಕಟ್ಟಿದವನು ಮಾತಾಡುತ್ತಿದ್ದಾನೆ, ಇತ್ತ ಅಜ್ಜಿಯರು ಸೊಸೆಯಂದಿರ ಸುದ್ದಿ ತೆಗೆಯುತ್ತಿದ್ದರು. ಕೊನೆಯ ಮಾತಿಗೆ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು.

ತೆರೆಯ ಹಿಂದಿನ ಪೀಠ ಒಂದೇ ಮನೆಗೆ ಸೇರಿದ್ದು. ಆ ಮನೆಯ ಯಜಮಾನ ಎಷ್ಟೋ ವರ್ಷ ಆ ಮಾತು ಹೇಳಿದ. ಓದಿನ ದಿನ ಸಂಜೆ ಮನೆಗೆ ಬಂದವನು ಊಟ ಒಲ್ಲೆ ಅನ್ನುತ್ತಿದ್ದ. ದಿನವಿಡೀ ಮಾತಾಡಿ ಗಂಟಲು ನೊಂದಿರಬೇಕೆಂದು ಹೆಂಡತಿ ಬಿಸಿ ಹಾಲು ಕೊಡುತ್ತಿದ್ದಳು. ಅವನು ತೀರಿಕೊಂಡ ಮೇಲೆ ಗಂಡುಮಕ್ಕಳಿಲ್ಲದ ಮನೆಯೆಂದು ಊರು ಸ್ವಲ್ಪ ತಲೆ ಕೆರೆದುಕೊಂಡಿತು. ತೆರೆಯ ಹಿಂದೆ ಯಾರಿದ್ದರೇನು, ಒಡೆಯನಿಗೆ ಮುಖವೇ ಇಲ್ಲವಲ್ಲ ಎಂದು ಕಡೆಗೆ ಹೆಂಡತಿಯ ನೆತ್ತಿಗೇ ಎಣ್ಣೆ ಒತ್ತಿದರು. ಎಣ್ಣೆ ಒತ್ತಿದ ಮೇಲೆ ಅದನ್ನು ಯಾರೂ ಹಿಂದಕ್ಕೆ ತೆಗೆಯುವ ಹಾಗಿಲ್ಲ. ಅಂದಿನಿಂದ ಅವಳೇ ಒಡೆಯ.

ಅದಾದ ವಾರವೇ ಆ ವರ್ಷದ ಮೊದಲ ಹೆಣ್ಣಿನ ಆಯ್ಕೆಗೆಂದು ಊರ ಹುಡುಗಿಯರೆಲ್ಲ ಸಾಲಾಗಿ ಬಂದು ಮಡಕೆಯೊಳಗೆ ಕೈಹಾಕಿ ಒಂದೊಂದು ಕಲ್ಲು ತೆಗೆದರು. ಎಲ್ಲರಿಗೂ ಕರಿಕಲ್ಲು. ಬಿಳಿಕಲ್ಲು ಬಂದದ್ದು ಒಡೆಯನ ಮನೆಯ ಒಬ್ಬಳೇ ಮಗಳ ಕೈಗೆ.

ಹುಡುಗಿ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ತಾಯಿಯ ಕಡೆ ನೋಡಿದಳು. ಕಾವ್ಯದ ಓಲೆಗಳನ್ನು ಕಾಯುತ್ತಿದ್ದ ಓದಿನ ಯಜಮಾನರು, ಒಳ್ಳೆಯ ಮನುಷ್ಯರೇ, ತಾಯಿಯ ಹತ್ತಿರ ಬಂದು ಸಮಾಧಾನ ಹೇಳಿದರು. ಮೊದಲ ಹೆಣ್ಣು ಒಡೆಯ ಹೆತ್ತ ಮಗಳಿದ್ದ ಹಾಗೆ ತಾನೇ, ಇಷ್ಟು ಸರಿಯಾಗಿ ಪಾತ್ರ ಕೂಡಿಬಂದ ವರ್ಷ ಇನ್ನೊಂದಿಲ್ಲ ಅಂದರು. ಸುತ್ತ ನಿಂತವರು ಹೌದೌದು ಎಂದು ತಲೆಯಾಡಿಸಿದರು. ಮೊದಲ ಗಂಡಾಗಿ ಆರಿಸಿಬಂದವನು ಕುಂಬಾರರ ಹುಡುಗ. ಅವನಿಗೆ ಏನು ನಡೆಯುತ್ತಿದೆಯೆಂದೇ ಅರ್ಥವಾದಂತಿರಲಿಲ್ಲ, ದಾರಿಗೆ ರೊಟ್ಟಿ ಕಟ್ಟಿಕೊಡುತ್ತಾರಾ ಎಂದು ಕೇಳಿದ.

ಓದಿನ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಬಂಡುಕೋರನ ಮಾತು ಹೇಳುವವನು ಅವಳ ಮನೆಗೆ ಬಂದ. ಶಾಲಿಲ್ಲದಿದ್ದರೂ ಅವನು ನಡೆಯುವ ಗತ್ತು ಹಾಗೇ ಇತ್ತು. ಜಗಲಿಯ ಮೇಲೆ ಕೂತು, ನೀರು ಕುಡಿದು, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಮಾತು ತೆಗೆದ.

"ಅಕ್ಕಾ, ಆ ಮಾತು ಆಡಬೇಡ. ಬಾಯಿ ಮುಚ್ಚಿಕೊಂಡು ಕೂತುಬಿಡು. ಸೂರ್ಯ ಬರದಿದ್ದರೆ ಬರದೇ ಹೋಗಲಿ. ಹೆತ್ತ ಮಗಳಿಗೆ ಹೋಗು ಅನ್ನಿಸೋ ಕಾವ್ಯ ಯಾಕೆ ಬೇಕು?"

ರಾತ್ರಿಯೆಲ್ಲ ಅವಳು ತಾನೇ ಅಂದುಕೊಂಡ ಮಾತನ್ನೇ ಅವನು ಆಡುತ್ತಿದ್ದ, ಅದೂ ಎಷ್ಟು ಚೆನ್ನಾಗಿ ಆಡುತ್ತಿದ್ದ! ಅವನು ಹೋದ ಮೇಲೆ ಅವಳು ಒಬ್ಬಳೇ ಕೂತು ಲೆಕ್ಕ ಹಾಕಿದಳು. ತಾನು ಸುಮ್ಮನಿದ್ದರೆ ಏನಾಗುತ್ತದೆ? ಬಾಗಿಲು ಕಾಯುವ ಕತ್ತಿಯವನಿಗೆ ಕೆಲಸ ಗೊತ್ತು. ಸೂರ್ಯ ಗೋಡೆಯ ಕೆಳಗಿಳಿದ ಕೂಡಲೇ ಅವನು ಕದ ತೆಗೆಯುತ್ತಾನೆ, ಮಕ್ಕಳಿಬ್ಬರನ್ನೂ ಆಚೆ ಬಿಡುತ್ತಾನೆ, ಕದ ಹಾಕುತ್ತಾನೆ. ಮಗಳು ತಾಯಿಯ ಬಾಯಿಂದ ಒಂದು ಮಾತೂ ಇಲ್ಲದೆ ಹೋಗುತ್ತಾಳೆ, ಅಷ್ಟೇ. ಒಲ್ಲೆ ಅನ್ನುವುದು ಬಂಡುಕೋರನ ಪಾತ್ರ. ಅದನ್ನು ಅವನು ಎಷ್ಟೋ ವರ್ಷದಿಂದ ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದಾನೆ, ಒಬ್ಬರೂ ಅದರಿಂದ ಉಳಿದಿಲ್ಲ. ಅವಳ ಕೈಯಲ್ಲಿದ್ದದ್ದು ಒಡೆಯನ ಮಾತು. ಆಗಲೇಬೇಕಾದ ಮಾತು. ಅಂಥದ್ದನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ಕೂರುವುದು ಅವಳಿಂದ ಆಗದು.

ಅವಳು ಅಭ್ಯಾಸಕ್ಕೆ ಕೂತಳು. ಒಂದು ಸಂಜೆ ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಏರದ ಇಳಿಯದ ದನಿಯಲ್ಲಿ ಮೊದಲಿನಿಂದ ಹೇಳಿಕೊಳ್ಳುತ್ತ ಬಂದು ಕೊನೆಗೆ "ಹೋಗಿ" ಅಂದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು.

"ಬಿಡ್ತು ಅನ್ನವ್ವ, ಬಿಡ್ತು ಅನ್ನು. ದೀಪ ಹಚ್ಚಿದ ಹೊತ್ತಲ್ಲಿ, ಬಾಗಿಲಿಗೆ ಬಂದೋರಿಗೆ ಬರೀ ಹೋಗಿ ಅಂತಾರಾ ಯಾರಾದರೂ?"

ಇದು ಓದಿನ ಮಾತು, ನಿಮಗೆ ಹೇಳಿದ್ದಲ್ಲ ಎಂದು ಅವಳು ಎಷ್ಟೇ ಹೇಳಿದರೂ ಮುದುಕಿಗೆ ಸಮಾಧಾನವಾಗಲಿಲ್ಲ. ಬಿಡ್ತು ಅನ್ನಿಸಿಕೊಂಡು, ಮಜ್ಜಿಗೆ ಇಸಿದುಕೊಂಡು, ಮೆಟ್ಟಿಲಿಳಿದವಳು ಹಿಂದಿರುಗಿ ನೋಡುತ್ತ ನಿಂತಳು. ಇವಳಿಗೆ ಆಗ ಹೊಳೆಯಿತು. "ಹೋಗಿ ಬನ್ನಿ ಅಜ್ಜಿ" ಅಂದಳು. ಮುದುಕಿ ಈಗ ನಿರಾಳವಾಗಿ ಮನೆಯ ದಾರಿ ಹಿಡಿದಳು.

ಅವಳು ದೀಪದ ಮುಂದೆ ಬಹಳ ಹೊತ್ತು ಕೂತಿದ್ದಳು. ಸಂತೆಗೆ ಹೊರಟವರಿಗೆ ಹೋಗಿ ಬನ್ನಿ ಅನ್ನುತ್ತೇವೆ. ಕೆರೆಗೆ ನೀರಿಗೆ ಹೊರಟವಳಿಗೆ ಹೋಗಿ ಬಾ ಅನ್ನುತ್ತೇವೆ. ಗಂಡನ ಮನೆಗೆ ಹೊರಟ ಮಗಳಿಗಂತೂ ಅಳುತ್ತಲೇ ಹೋಗಿ ಬಾ ಅನ್ನುತ್ತೇವೆ. ಬರೀ ಹೋಗಿ ಅಂದರೆ ಅದು ಇನ್ನೂ ಮುಗಿಯದ ಮಾತು. ಹೋಗಿ, ಆಮೇಲೇನು? ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ. ಬಾಗಿಲ ಹೊರಗೆ ಎಷ್ಟು ಜನ ಹಾಗೆ ಕಾಯುತ್ತ ನಿಂತಿರಬಹುದು ಎಂಬ ಯೋಚನೆ ಅವಳಿಗೆ ಬಂತು. ಊಟ ಒಲ್ಲೆ ಅನ್ನುತ್ತಿದ್ದ ಗಂಡನಿಗೆ ನೋಯುತ್ತಿದ್ದದ್ದು ಗಂಟಲಲ್ಲವೆಂದು ಆಗ ಅರ್ಥವಾಯಿತು.

ಮಾರನೆಯ ದಿನ ಅವಳು ಓದಿನ ಯಜಮಾನರ ಮನೆಗೆ ಹೋದಳು. ಆ ಮಾತು ಮೂಲದಲ್ಲಿ ಹೇಗಿದೆಯೆಂದು ಕೇಳಿದಳು. ಇಂಗ್ಲಿಷಿನಲ್ಲಿ ಅದು ಎರಡೇ ಅಕ್ಷರದ ಪುಟ್ಟ ಮಾತು, ಹೋಗಿ ಎಂದೇ ಅದರ ಅರ್ಥ ಅಂದರು. ಆ ದೇಶದ ತಾಯಿ ಮಗಳನ್ನು ಕಳಿಸುವಾಗ ಏನನ್ನುತ್ತಾಳೆ ಎಂದು ಕೇಳಿದಳು. ಅದೇ ಮಾತು ಅಂದರು. ನಾಯಿ ಅಟ್ಟುವಾಗ? ಅದೂ ಅದೇ ಮಾತು. ಹೋಗುವವರ ಮಾತಿಗೆ ಬರುವುದನ್ನು ಸೇರಿಸುವ ರೂಢಿ ಅವರಲ್ಲಿಲ್ಲ, ಕಳಿಸುವವರ ಮನಸ್ಸಿನಲ್ಲಿ ಏನಿದೆಯೆಂದು ದನಿಯಿಂದಲೇ ತಿಳಿದುಕೊಳ್ಳಬೇಕು ಅಂದರು.

"ಕಾವ್ಯ ಬರೆದೋನ ದನಿ ನಮ್ಮ ಹಿರಿಯರು ಕೇಳಿದ್ದರಾ?" ಅಂದಳು.

ಯಜಮಾನರಿಗೆ ಇದು ಹೊಸ ವಿಚಾರವಲ್ಲವೆಂದು ಅವರ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಓಲೆಯ ಕಟ್ಟನ್ನು ಬಿಚ್ಚಿದರು, ಮತ್ತೆ ಕಟ್ಟಿದರು.

"ತಾಯೀ, ನೀವು ಹೇಳೋದು ನಿಜ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಇಷ್ಟು ವರ್ಷ ಹೋದವರೆಲ್ಲ ಒಂದು ಅರ್ಧ ಮಾತಿಗೆ ಹೋದರು ಅಂತಾಯಿತು. ಅವರ ಮನೆಯವರಿಗೆ ನಾನು ಏನು ಹೇಳಲಿ?"

"ಬಾಗಿಲು ತೆಗೆದಿದೆ ಅಂತ ಹೇಳಿ."

ಅವರು ಕೈಮುಗಿದರು. ಅಕ್ಷರ ಬದಲಾದರೆ ಊರು ಸುಮ್ಮನಿರುವುದಿಲ್ಲ, ನಿಮ್ಮನ್ನೂ ಆಚೆ ಹಾಕುತ್ತಾರೆ, ಸೂರ್ಯ ಬರದಿದ್ದರೆ ಆ ಪಾಪ ನಿಮ್ಮ ತಲೆಗೆ ಎಂದು ಬೇಡಿಕೊಂಡರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ತಾನು ಒಂದು ಅಕ್ಷರವನ್ನೂ ತೆಗೆಯುವುದಿಲ್ಲ, ಹೋಗಿ ಅನ್ನುವುದನ್ನು ಹೋಗಿ ಎಂದೇ ಹೇಳುತ್ತೇನೆ, ಆಮೇಲೆ ಅದನ್ನು ಮುಗಿಸುತ್ತೇನೆ ಎಂದು ಹೇಳಿ ಎದ್ದಳು. ಮಗಳಿಗೂ ಹಾಗೇ ಹೇಳಿದಳು. ಮಗಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಹಾಗಾದರೆ ಇನ್ನೂ ನಾಲ್ಕು ಹೆಚ್ಚು ತಟ್ಟುತ್ತೇನೆ, ಹೊರಗೆ ಹಸಿದವರು ಇರಬಹುದು ಅಂದಳು.

ಓದಿನ ದಿನ ಸೂರ್ಯ ಹುಟ್ಟಿತು, ಮೊದಲ ಸಾಲು ಹುಟ್ಟಿತು. ಬಿಳಿ ತೆರೆಯ ಹಿಂದೆ ಅವಳು ಕೂತಳು. ಬೆಳಕಾಗಲಿ ಅಂದಳು, ದೀಪ ಹಚ್ಚಿದರು. ನೀರು ಬೇರೆಯಾಗಲಿ ಅಂದಳು, ತೂಬು ಎತ್ತಿದರು. ಜನ ಕಡಲೆಪುರಿ ಬಿಚ್ಚಿದರು. ಬಂಡುಕೋರ ಕೆಂಪು ಶಾಲು ಬೀಸಿ ಬಂದ, ಬಿದ್ದ, ಎದ್ದ, ಜನರನ್ನು ಅಳಿಸಿದ. ನಡುವೆ ಒಮ್ಮೆ ತೆರೆಯ ಮುಂದೆ ಬಂದು, ಕಾವ್ಯದ ಸಾಲನ್ನೇ ಹೇಳುತ್ತ, ಒಲ್ಲೆ ಅನ್ನು ಎಂದು ಕಣ್ಣಲ್ಲೇ ಕೇಳಿಕೊಂಡ. ತೆರೆಯ ಸಂದಿಯಿಂದ ಅದನ್ನು ಕಂಡೂ ಅವಳು ಅಲುಗಾಡದೆ ಕೂತಿದ್ದಳು.

ಮಧ್ಯಾಹ್ನ ತಿರುಗಿತು. ಬಾವಿಯ ಚಪ್ಪಡಿ ಸರಿಸಿದರು. ಮಗಳು ಬಗ್ಗಿ ಒಂದು ಬೊಗಸೆ ನೀರು ಕುಡಿದಳು, ಕುಂಬಾರರ ಹುಡುಗನಿಗೊಂದು ಬೊಗಸೆ ಕುಡಿಸಿದಳು. ಸಿಹಿಯಾಗಿದೆ ಎಂದು ಅವನು ಮೆಲ್ಲಗೆ ಅಂದದ್ದು ಮುಂದೆ ಕೂತವರಿಗೆಲ್ಲ ಕೇಳಿಸಿತು. ಬೆಳಕು ಗೋಡೆಯ ನೆತ್ತಿಗೆ ಏರಿತು. ಕತ್ತಿಯವನು ಮೂಡಣ ಬಾಗಿಲಿನ ಅಗುಳಿಗೆ ಕೈಯಿಟ್ಟ. ಕಡಲೆಪುರಿಯ ಸದ್ದು ನಿಂತಿತು.

"ಹೋಗಿ," ಅಂದಿತು ತೆರೆಯ ಹಿಂದಿನ ದನಿ.

ಬಾಗಿಲು ತೆರೆಯಿತು. ಆದರೆ ದನಿ ಎಂದಿನ ಹಾಗೆ ಮುಗಿದಿರಲಿಲ್ಲ. ಅದು ಸ್ವಲ್ಪ ಮೇಲಕ್ಕೆ ಎದ್ದು ಹಾಗೇ ನಿಂತಿತ್ತು. ಒಡೆಯನ ದನಿ ಏರಿದ್ದನ್ನು ಆ ಊರು ಅದಕ್ಕೆ ಮೊದಲು ಕೇಳಿರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡರು.

"ಬನ್ನಿ."

ಬಾಗಿಲ ಹತ್ತಿರ ಮಗಳು ತಿರುಗಿ ನಿಂತಳು. ಆ ಜಾಗದಲ್ಲಿ ಮೊದಲ ಹೆಣ್ಣಿಗೆ ಕಾವ್ಯದಲ್ಲಿ ಮಾತಿರಲಿಲ್ಲ. ಹೋಗಿ ಬನ್ನಿ ಅಂದವರಿಗೆ ಏನು ಹೇಳಬೇಕೆಂದು ಮಾತ್ರ ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ.

"ಹೋಗಿ ಬರ್ತೀನವ್ವ," ಅಂದಳು. ರೊಟ್ಟಿಯ ಗಂಟು ಹೊತ್ತು ಇಬ್ಬರೂ ಬಾಗಿಲು ದಾಟಿದರು.

ಕತ್ತಿಯವನು ಅಭ್ಯಾಸಬಲದಿಂದ ಕದ ತಳ್ಳಿದ. ಅರ್ಧಕ್ಕೆ ತಳ್ಳಿ ನಿಂತ. ಬನ್ನಿ ಅಂದಾಗಿದೆ, ಒಡೆಯನ ಬಾಯಿಂದ ಬಂದದ್ದು ಆಗಲೇಬೇಕು, ಮುಚ್ಚಿದ ಬಾಗಿಲಿನಿಂದ ಬರುವುದು ಹೇಗೆ? ಅವನು ಯಜಮಾನರ ಮುಖ ನೋಡಿದ, ಯಜಮಾನರು ಓಲೆಯ ಮುಖ ನೋಡಿದರು. ಅಷ್ಟರಲ್ಲಿ ತೆರೆ ಸರಿಯಿತು. ಎಂದೂ ಯಾರೂ ನೋಡದ ಜಾಗದಿಂದ ನೆರೆಗೂದಲಿನ ಒಬ್ಬ ಹೆಂಗಸು ಎದ್ದು, ಜನರ ನಡುವೆಯೇ ನಡೆದು ಬಂದು, ಮೂಡಣ ಬಾಗಿಲಿನ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಎರಡು ಮೂರು ಅಜ್ಜಿಯರು ಗೊಣಗಿದರು. ಒಡೆಯನಿಗೆ ಅದನ್ನು ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ರಾತ್ರಿ ಊರು ನಿದ್ದೆ ಮಾಡಲಿಲ್ಲ. ಬೆಳಗಾದಾಗ ಸೂರ್ಯ ಎಂದಿನ ಹಾಗೇ ಬಂತು, ತೆರೆದ ಬಾಗಿಲಿನಿಂದ ಬಿಸಿಲು ಬೀದಿಯ ಉದ್ದಕ್ಕೂ ಬಿತ್ತು. ಕೆಲವರಿಗೆ ಇದರಿಂದ ಬೇಸರವೇ ಆಯಿತು. ಸೂರ್ಯ ಇಷ್ಟು ಸುಲಭವಾಗಿ ಬರುವುದಾಗಿದ್ದರೆ ತಾವು ಕಳಿಸಿದ ಮಕ್ಕಳ ಗತಿ ಏನು ಎಂದು ಅವರು ಕೇಳಿಕೊಳ್ಳಬೇಕಾಗಿತ್ತು. ಅವರು ಅವಳ ಹತ್ತಿರ ಬಂದು ಕೂಗಾಡಿದರು, ಆಚೆ ಹಾಕುತ್ತೇವೆ ಅಂದರು. ಹಾಕಿ, ನಾನು ಆಗಲೇ ಹೊಸ್ತಿಲವರೆಗೆ ಬಂದಿದ್ದೇನೆ ಅಂದಳು. ಹೊತ್ತು ಕಳೆದಂತೆ ಕೂಗಾಡಿದವರಲ್ಲೇ ಒಬ್ಬಳು ತಾಯಿ ಬಾಗಿಲ ಪಕ್ಕದಲ್ಲಿ ಕೂತಳು. ದಾರಿ ನೋಡತೊಡಗಿದಳು.

ಬಂಡುಕೋರನೂ ಬಂದ. ಬಾಗಿಲ ಕಂಬಕ್ಕೆ ಒರಗಿ ನಿಂತ. ಬಾಗಿಲಲ್ಲಿ ಕೂತು ಕಾಯುವ ಒಡೆಯನ ಮೇಲೆ ಬಂಡೇಳುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕಡೆಗೆ ಅವಳಿಗೆ ಚಳಿಯಾಗುತ್ತಿರಬೇಕೆಂದು ಮನೆಗೆ ಹೋಗಿ ಕಂಬಳಿ ತಂದ.

ದಿನಗಳು ಹೋದವು. ದಾರಿ ಬರಿದಾಗಿಯೇ ಇತ್ತು. ಅವಳಿಗೆ ಭಯವಾಗುತ್ತಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. ಕಾಡಿದೆಯೋ ಕೊರಕಲಿದೆಯೋ, ಮಗಳು ಎಲ್ಲಿ ಮಲಗಿದ್ದಾಳೋ ಎಂದು ಪಕ್ಕದ ತಾಯಿಯ ಹತ್ತಿರ ಹೇಳಿಕೊಂಡು ಅತ್ತಳು. ಆದರೆ ಕೂತ ಜಾಗ ಬಿಡಲಿಲ್ಲ. ಊಟವನ್ನು ಅಲ್ಲಿಗೇ ತಂದರು. ಕತ್ತಿಯವನು ಕತ್ತಿಯನ್ನು ಗೋಡೆಗೆ ಒರಗಿಸಿ, ಬುತ್ತಿ ಹೊರುವ ಕೆಲಸ ತಾನೇ ವಹಿಸಿಕೊಂಡ.

ಒಂದು ಮಧ್ಯಾಹ್ನ ದಾರಿಯಲ್ಲಿ ಇಬ್ಬರು ಕಂಡರು. ಅವಳು ಎದ್ದು ನಿಂತಳು. ಹತ್ತಿರ ಬಂದಾಗ ನೋಡಿದರೆ ಮಗಳಲ್ಲ, ಕುಂಬಾರರ ಹುಡುಗನೂ ಅಲ್ಲ. ಕಾಲು ಒಡೆದ, ಬಿಸಿಲಿಗೆ ಕಂದಿದ ಒಬ್ಬ ಹೆಂಗಸು, ಒಬ್ಬ ಗಂಡಸು. ಅವಳ ಗಂಡ ಪೀಠದಲ್ಲಿದ್ದಾಗ ಯಾವುದೋ ವರ್ಷ ಹೋದವರು. ಅವರು ಹೊಸ್ತಿಲಿಗೆ ನಾಲ್ಕು ಮಾರು ದೂರದಲ್ಲೇ ನಿಂತರು. ಊರು ಹಿಂದೆ ಸೇರಿತು.

"ಬನ್ನಿ ಅಂದಿದ್ದು ನಮಗೂ ಸೇರುತ್ತಾ, ಈ ವರ್ಷದೋರಿಗೆ ಮಾತ್ರವಾ?" ಎಂದು ಕೇಳಿದಳು ಆ ಹೆಂಗಸು.

ಹೊಸ್ತಿಲಲ್ಲಿದ್ದವಳಿಗೆ ಮಗಳ ಸುದ್ದಿ ಕೇಳಬೇಕಿತ್ತು. ನಾಲಿಗೆಯ ತುದಿಯಲ್ಲಿ ಅದೇ ಇತ್ತು. ಆದರೆ ಕೇಳಿದವರು ಒಡೆಯನನ್ನು ಕೇಳುತ್ತಿದ್ದರು, ಮೊದಲು ಅದಕ್ಕೆ ಉತ್ತರ ಕೊಡಬೇಕಾಗಿತ್ತು.

"ನಿಮಗೂ ಸೇರುತ್ತೆ. ಬನ್ನಿ ಅನ್ನೋದು ತಡವಾಯಿತು. ತಪ್ಪು ನಿಮ್ಮದಲ್ಲ, ನನ್ನದು. ಒಳಗೆ ಬನ್ನಿ."

ಒಡೆಯ ತಪ್ಪು ಒಪ್ಪಿಕೊಂಡದ್ದನ್ನು ಊರೆಲ್ಲ ಕೇಳಿತು. ಬಾಗಿಲ ಪಕ್ಕ ಕೂತಿದ್ದ ತಾಯಿ ಆ ಹೆಂಗಸಿನ ಮುಖವನ್ನೇ ನೋಡುತ್ತಿದ್ದಳು, ತನ್ನ ಮಗಳಲ್ಲವೆಂದು ತಿಳಿದರೂ ಹೋಗಿ ಅವಳ ಕೈ ಹಿಡಿದುಕೊಂಡಳು. ಬಂದವರು ಹೊಸ್ತಿಲು ದಾಟಿದರು. ಯಾರೋ ಕಾಲಿಗೆ ನೀರು ತಂದರು. ಆಮೇಲೆ ಒಡೆಯನ ಮಾತು ಹೇಳಿದವಳು ಕೇಳಿದಳು, "ನನ್ನ ಮಗಳು?"

"ಚೆನ್ನಾಗಿದ್ದಾಳೆ," ಅಂದಳು ಬಂದವಳು. "ಗುಡ್ಡದಾಚೆ ನಾವು ಬಹಳ ಜನ ಇದ್ದೀವಿ. ಕರೀತಿದ್ದಾರೆ ಅಂದರೆ ಯಾರೂ ನಂಬಲಿಲ್ಲ. ಎಲ್ಲರನ್ನೂ ಹೊರಡಿಸಿಕೊಂಡು ಕೊನೇಲಿ ತಾನು ಬರ್ತಾಳಂತೆ. ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ. 'ನೀವು ಮುಂದೆ ನಡೀರಿ, ನಮ್ಮವ್ವ ಬಾಗಿಲಲ್ಲೇ ಇರ್ತಾಳೆ' ಅಂತ ಹೇಳಿ ಕಳಿಸಿದಳು."

ಅವಳು ಅಲ್ಲೇ ನಿಂತು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕತ್ತಿಯವನನ್ನು ಕರೆದು, ಇನ್ನೂ ಬಹಳ ಜನ ಬರುತ್ತಾರೆ, ಇನ್ನೊಂದು ಕದವನ್ನೂ ಪೂರ್ತಿ ತೆಗೆ ಅಂದಳು. ಆಮೇಲೆ ದಾರಿಯ ಕಡೆ ಮುಖ ಮಾಡಿ ಮತ್ತೆ ಹೊಸ್ತಿಲ ಮೇಲೆ ಕೂತಳು.